ಓರೆಯಾದ ಅತ್ತೆ

ಹಿಂದೂಪುರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ತ್ರಾಪಿಜ್ಯ ಎಂದರೇನು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ: ನಾಲ್ಕು ಬಾಹುಗಳಲ್ಲಿ ಎರಡು ಮಾತ್ರ ಸಮಾಂತರ, ಅದರಲ್ಲಿ ಒಂದು ಉದ್ದ, ಒಂದು ಗಿಡ್ಡ. ಇಂಥ ಪಂಡಿತನಿಗೆ ಗೋಡೆಯ ಮೇಲೆ ಒಂದು ಚಿತ್ರ ಬಿಡುವುದು ಯಾವ ಮಹಾ ಕೆಲಸ? ಹೀಗೆಂದುಕೊಂಡೇ ನಾನು ಪ್ರೊಜೆಕ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿ ಭಾಗ್ಯಳ ಜೊತೆ ಕಲ್ಯಾಣದುರ್ಗದ ಬಸ್ಸು ಹತ್ತಿದ್ದು.

ಕಲ್ಯಾಣದುರ್ಗ ಭಾಗ್ಯಳ ತವರು. ಅತ್ತೆ ಗಂಗಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ಮಾವನವರಿಗೆ ಮಗ, ಸೊಸೆ, ಅಕ್ಕಪಕ್ಕದವರು ಎಲ್ಲ ಇದ್ದಾರೆ. ಆದರೂ ಊಟಕ್ಕೆ ಕೂತಾಗಲೆಲ್ಲ ಅವರು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾರೆ. ಒಂದು ದಿನ ಫೋನಿನಲ್ಲಿ ಮಗಳಿಗೆ ಹೇಳಿದರಂತೆ: "ನಿಮ್ಮವ್ವನ ಮಕ ಮರ್ತೋಗ್ತಾ ಐತೆ ಕಣಮ್ಮ. ನಡ್ಯೋದು ನೆಪ್ಪೈತೆ, ಮಕ ಸಿಕ್ಕಾಕಿಲ್ಲ." ಗೋಡೆಯ ಮೇಲೆ ಫೋಟೋ ಇದೆಯಲ್ಲ ಎಂದು ಇವಳು ನೆನಪಿಸಿದಳು. ಅದು ವೋಟಿನ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿರೋಳು ಯಾರೋ ಹೆದರ್ಕೊಂಡಿರೋ ಹೆಂಗಸು ಎಂದುಬಿಟ್ಟರಂತೆ.

ಅತ್ತೆ ಓಡಾಡಿದ, ಮಾತಾಡಿದ ವಿಡಿಯೋ ಒಂದೇ ಒಂದಿತ್ತು, ನಮ್ಮ ಮನೆಯ ಗೃಹಪ್ರವೇಶದ್ದು. ಅದರಲ್ಲೂ ಅವರು ಕಾಣುವುದು ಒಂದೆರಡು ಉಸಿರಿನಷ್ಟು ಹೊತ್ತು. ಕುಂಕುಮದ ತಟ್ಟೆ ಹಿಡಿದು ಎಡದಿಂದ ಬಲಕ್ಕೆ ನಡೆದು ಬರುತ್ತಾರೆ, ಕ್ಯಾಮೆರಾದ ಕಡೆ ತಿರುಗಿ ಒಂದು ಮಾತು ಹೇಳುತ್ತಾರೆ, ಅಷ್ಟೇ. ಮಾವನವರ ಕಣ್ಣು ಮಂಜು. ಮೈದುನ ಅದನ್ನು ಫೋನಿನಲ್ಲಿ ತೋರಿಸಿದ್ದ, ಟಿವಿಯಲ್ಲೂ ಹಾಕಿದ್ದ. ಏನೋ ಅಲ್ಲಾಡಿದಂಗಾಯ್ತು ಎಂದರಂತೆ. ಆಗ ನಾನು ಎದೆ ಮುಂದೆ ಮಾಡಿ ಘೋಷಿಸಿದೆ: "ಆಳೆತ್ತರಕ್ಕೆ ತೋರಿಸ್ತೀನಿ." ಟ್ಯೂಷನ್ ನಡೆಸುವ ಗೆಳೆಯನಿಂದ ಪ್ರೊಜೆಕ್ಟರ್ ತಂದೆ. ಒಮ್ಮೆ ಹಚ್ಚಿ ನೋಡಬೇಕು ಎಂದು ಭಾಗ್ಯ ಹೇಳಿದಳು. ಮೇಷ್ಟರಿಗೆ ಪಾಠವೇ ಎಂದು ನಕ್ಕೆ.

ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ ಹಜಾರವನ್ನು ಕತ್ತಲೆ ಮಾಡಿದೆವು. ಮಾವನವರು ಒಗೆದ ಪಂಚೆ ಉಟ್ಟು, ತಲೆ ಬಾಚಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಅವರನ್ನು ನೋಡಿದಾಗಲೇ ನನಗೆ ಸ್ವಲ್ಪ ಭಯವಾಯಿತು.

ತೊಂದರೆ ಏನೆಂದರೆ, ಅದು ಹಳೇ ಮನೆ. ಹಜಾರದ ನಟ್ಟನಡುವೆ ಒಂದು ಕಲ್ಲುಕಂಬ. ಪ್ರೊಜೆಕ್ಟರನ್ನು ನೇರಕ್ಕೆ ಇಟ್ಟರೆ ಕಂಬ ಅಡ್ಡ. ಕಂಬದಿಂದ ಮುಂದಕ್ಕೆ ಇಟ್ಟರೆ ಚಿತ್ರ ಚಿಕ್ಕದು. ಅದಕ್ಕೇನಂತೆ ಎಂದು ಎಡಮೂಲೆಯಲ್ಲಿ ಸ್ಟೂಲು ಹಾಕಿ, ಓರೆಯಾಗಿ ಗೋಡೆಗೆ ಬೆಳಕು ಬಿಟ್ಟೆ. ಮೊದಲು ಚಿತ್ರ ಕೂರಲಿ, ಧ್ವನಿ ಆಮೇಲೆ ಎಂದುಕೊಂಡೆ.

ಅತ್ತೆ ಬಂದರು. ಎಡಗಡೆ ಸಣ್ಣಗೆ, ಕುಳ್ಳಗೆ ಹೊರಟವರು ಹೆಜ್ಜೆಹೆಜ್ಜೆಗೂ ಬೆಳೆದು, ಬಲಗಡೆ ಮುಟ್ಟುವ ಹೊತ್ತಿಗೆ ಮೊದಲಿನ ಎರಡರಷ್ಟು ಎತ್ತರವಾಗಿ, ತಟ್ಟೆಯನ್ನು ಮೊರದಷ್ಟು ಅಗಲ ಮಾಡಿಕೊಂಡು ನಿಂತರು. ನಾನು ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದ ತ್ರಾಪಿಜ್ಯದೊಳಗೆ ಸ್ವಂತ ಅತ್ತೆಯೇ ಸಿಕ್ಕಿಕೊಂಡಿದ್ದರು. ಮೈದುನ ಕೆಮ್ಮಿದಂತೆ ನಕ್ಕ. ಮಾವನವರು ಕಣ್ಣು ಕಿರಿದು ಮಾಡಿ ನೋಡಿ, ಮೆಲ್ಲಗೆ ಕೇಳಿದರು:

"ಈಯಮ್ಮ ಯಾರು?"

ನಾನು ತಟ್ಟನೆ ಪ್ರೊಜೆಕ್ಟರಿನ ಕಡೆ ಬಗ್ಗಿದೆ.

ಸರಿಪಡಿಸುವ ಬಟನ್ ಇದೆ ಎಂದು ಧೈರ್ಯ ಹೇಳಿದೆ. ಇತ್ತು. ಆದರೆ ಅದು ಮೇಲೆ ಕೆಳಗೆ ಮಾತ್ರ ಸರಿಮಾಡುವಂಥದ್ದು, ಪಕ್ಕದ ಓರೆ ಅದರ ಲೆಕ್ಕಕ್ಕೇ ಇಲ್ಲ ಎಂಬುದು ಒತ್ತಿದ ಮೇಲೆ ತಿಳಿಯಿತು. ಅತ್ತೆಗೆ ಈಗ ತಲೆ ಕುಂಬಳಕಾಯಿಯಷ್ಟು, ಪಾದ ಗುಬ್ಬಿಯದು. ಪ್ರೊಜೆಕ್ಟರನ್ನು ಬೀರುವಿನ ಮೇಲೆ ಏರಿಸಿ ಕೆಳಮುಖ ಮಾಡಿದೆ. ಪಾದ ಊದಿ ತಲೆ ಚೂಪಾಯಿತು. ಕೊನೆಗೆ ಗಾಬರಿಯಲ್ಲಿ ಎರಡು ಮೂರು ಬಟನ್ ಒಟ್ಟಿಗೆ ಒತ್ತಿದೆ. ಅತ್ತೆ ತಲೆಕೆಳಗಾಗಿ, ಕುಂಕುಮ ಒಂದು ಚೂರೂ ಚೆಲ್ಲದೆ, ಸೂರಿನ ಮೇಲೆ ನಡೆದರು.

ಮೈದುನನಿಗೆ ನಗು ತಡೆಯಲಾಗಲಿಲ್ಲ. ಭಾಗ್ಯ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಅಪ್ಪ ಬೆಳಿಗ್ಗೆಯಿಂದ ಕಾಯ್ಕೊಂಡವ್ರೆ. ನೀವು ಅವ್ವನ್ನ ನಗಪಾಟ್ಲು ಮಾಡ್ಬುಟ್ರಿ," ಎಂದಳು.

ಹಜಾರಕ್ಕೆ ಬಂದು, ಚಿತ್ರವನ್ನು ಹೇಗೋ ಮತ್ತೆ ನೆಟ್ಟಗೆ ನಿಲ್ಲಿಸಿ, ಪ್ರೊಜೆಕ್ಟರನ್ನು ಮೊದಲಿನ ಸ್ಟೂಲಿಗೇ ಇಳಿಸಿ, ಅದರ ಪಕ್ಕ ನೆಲದ ಮೇಲೆ ಕೂತೆ. ಆಗ ಮೈದುನನ ಹೆಂಡತಿ ಲಕ್ಷ್ಮಿ ಬಾಯಿ ಬಿಟ್ಟಳು. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು. ಅಷ್ಟು ಹೊತ್ತೂ ಗೋಡೆಯನ್ನಲ್ಲ, ಬೆಳಕು ಹೋಗುವ ದಾರಿಯನ್ನು ನೋಡುತ್ತಿದ್ದಳಂತೆ.

"ಬೆಳಕು ಓರೆಗೆ ಬತ್ತೈತಲ್ಲಣ್ಣ. ಗೋಡೆ ತಿರುಗಾಕಿಲ್ಲ. ಒಂದು ಬಟ್ಟೆ ಹಿಡಿದು ಅದ್ನೇ ಬೆಳಕಿನ ಕಡೆ ತಿರುಗ್ಸಿದ್ರೆ ಆಗಾಕಿಲ್ವಾ?"

ಆಗದೇ ಏನು! ಇದು ಒಂಬತ್ತನೇ ಕ್ಲಾಸಿನ ಗಣಿತ. ನಾನೇ ಪಾಠ ಮಾಡುತ್ತೇನೆ. ಲಕ್ಷ್ಮಿ ಓದಿದ್ದು ಏಳನೇ ಕ್ಲಾಸು.

ಬಿಳಿ ದುಪ್ಪಟಿಯ ಒಂದು ತುದಿಯನ್ನು ಗೋಡೆಯ ಮೊಳೆಗೆ ಕಟ್ಟಿದೆವು. ಇನ್ನೊಂದು ತುದಿಯನ್ನು ಗೋಡೆಯಿಂದ ಮುಂದಕ್ಕೆ ಎಳೆದು ಯಾರಾದರೂ ಹಿಡಿದು ನಿಲ್ಲಬೇಕಿತ್ತು. ಮುಂದೆ ನಿಂತರೆ ನೆರಳು ಬೀಳುತ್ತದೆ, ಹಿಂದೆ ನಿಂತರೆ ನೋಡಲು ಸಿಗುವುದಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿಂದೆ ಹೋಗಿ ಕೈಯೆತ್ತಿ ನಿಂತೆ.

ಲಕ್ಷ್ಮಿಯೇ ಧ್ವನಿ ಏರಿಸಿ ಬಟನ್ ಒತ್ತಿದಳು. ಬಟ್ಟೆಯ ಹಿಂದಿನಿಂದ ನನಗೆ ಕಂಡಿದ್ದು ತೆಳ್ಳನೆ ಬಣ್ಣ, ಎಡಬಲ ತಿರುಗಿದ ಒಂದು ಆಕಾರ. ಆದರೆ ಧ್ವನಿ ಚೆನ್ನಾಗಿ ಕೇಳಿಸಿತು. ಅತ್ತೆ ಕ್ಯಾಮೆರಾದವನಿಗೆ ಹೇಳುತ್ತಿದ್ದರು: "ಸಾಕ್ ಬಿಡಪ್ಪ, ಎಷ್ಟೊತ್ತು ನಿಂತಿರ್ತೀಯ. ಉಂಡ್ಯಾ, ಇಲ್ವಾ?"

"ಉಂಡೆ ಕಣೆ," ಎಂದರು ಮಾವ.

ಅಡುಗೆಮನೆಯಿಂದ ಭಾಗ್ಯ ಓಡಿ ಬಂದ ಹೆಜ್ಜೆ ಸದ್ದು ಕೇಳಿಸಿತು.

ಇನ್ನೊಂದು ಸಲ ಎಂದರು. ಇನ್ನೊಂದು ಸಲ. ಪ್ರತಿ ಸಲವೂ ಅತ್ತೆ ಕೇಳಿದರು, ಪ್ರತಿ ಸಲವೂ ಮಾವ ಉಂಡೆ ಎಂದರು. ಒಂದು ಸಲ ಮಾತ್ರ, ಬೆಳಿಗ್ಗೆ ಸರಿಯಾಗಿ ಉಣ್ಣಲಿಲ್ಲ ಎಂದು ಒಪ್ಪಿಕೊಂಡರು. ನನ್ನ ತೋಳುಗಳು ಸೋತು ನಡುಗತೊಡಗಿದವು. ಮೂಗಿನ ತುದಿಯಿಂದ ಬೆವರು ಇಳಿಯುತ್ತಿತ್ತು. ಬೆವರೊಂದೇ ಅಲ್ಲ, ಕಣ್ಣೀರೂ ಇತ್ತೇನೋ. ಒರೆಸಲು ಕೈ ಖಾಲಿ ಇರಲಿಲ್ಲ. ಅಷ್ಟರಲ್ಲಿ ಕುರ್ಚಿ ಸರಿದ ಸದ್ದು. ಮಾವ ಎದ್ದು ಬಂದು, ಹೆಂಡತಿಯ ಕೆನ್ನೆ ಮುಟ್ಟಲು ಬಟ್ಟೆಯ ಮೇಲೆ ಕೈಯಿಟ್ಟರು. ಅಲ್ಲಿ ಸಿಕ್ಕಿದ್ದು ನನ್ನ ಮೂಗು.

ಅವರು ಕೈ ತೆಗೆಯಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದರು:

"ಅಳಿಯಂದ್ರೆ, ಒಂದೀಟು ಅಲ್ಲಾಡ್ದಂಗೆ ನಿಂತ್ಕಳಿ. ಅವ್ಳು ನಡುಗ್ತಾವ್ಳೆ."

ಹದಿನೆಂಟು ವರ್ಷ ಗಣಿತ ಪಾಠ ಮಾಡಿದ ನಾನು, ಗೋಡೆಗೆ ಹೊಡೆದ ಮೊಳೆಯ ಹಾಗೆ ಉಸಿರು ಬಿಗಿಹಿಡಿದು ನಿಂತೆ. ಇನ್ನೊಂದು ತುದಿಯಲ್ಲಿದ್ದ ಮೊಳೆಯೇ ನನಗಿಂತ ಚೆನ್ನಾಗಿ ನಿಂತಿತ್ತು.