ಹನ್ನೆರಡಕ್ಕೆ ಮುಂಚಿನ ಅರ್ಧ ಗಂಟೆ

ಯಾರೂ ಕೇಳದ ರೇಡಿಯೋದಲ್ಲಿ ಎಡವಟ್ಟಾದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಈ ಕೆಲಸ ಒಪ್ಪಿಕೊಂಡದ್ದು. ಎಡವಟ್ಟುಗಳು ಕೇಳುಗರಿಗಾಗಿ ಕಾಯಲಿಲ್ಲ. ತಮ್ಮ ಪಾಡಿಗೆ ಬರುತ್ತಲೇ ಇದ್ದವು.

ಕೆಲಸ ಇಷ್ಟು. ವೆಲ್ಲಿಂಗ್ಟನ್ನಿನ ಒಂದು ಸಮುದಾಯ ರೇಡಿಯೋದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಕನ್ನಡ ಕಾರ್ಯಕ್ರಮ. ಬರೆಯುವವನು, ಮಾತಾಡುವವನು, ಗುಂಡಿ ಒತ್ತುವವನು ಎಲ್ಲ ನಾನೇ. ವಾರದ ಉಳಿದ ದಿನ ಒಂದು ಸರ್ಕಾರಿ ಇಲಾಖೆಗೆ ಸಾಫ್ಟ್‌ವೇರ್ ಸಲಹೆ ಕೊಡುತ್ತೇನೆ. ಅಲ್ಲೂ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹಾಗಾಗಿ ಅಭ್ಯಾಸವಿತ್ತು. ಈ ಅರ್ಧ ಗಂಟೆ ಕೈತಪ್ಪುವ ಹಂತಕ್ಕೆ ಬಂದು ಹೇಗೆ ಉಳಿಯಿತು ಎಂಬುದನ್ನು ಹೇಳಬೇಕು. ಹೆಮ್ಮೆಯ ಕಥೆಯಲ್ಲ.

೧. ಬಾಯಿ ಬಿಟ್ಟವನ ಕೈಗೆ ಮೈಕು

ಕನ್ನಡ ಸಂಘದ ಸಭೆಯಲ್ಲಿ ಅಧ್ಯಕ್ಷರು, ರೇಡಿಯೋದವರು ವಾರಕ್ಕೆ ಅರ್ಧ ಗಂಟೆ ಪುಕ್ಕಟೆ ಕೊಡುತ್ತಾರಂತೆ, ಯಾರು ನಡೆಸಿಕೊಡುತ್ತೀರಿ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ತಟ್ಟೆಯ ಬಿಸಿಬೇಳೆ ಬಾತನ್ನು ಪರೀಕ್ಷಿಸತೊಡಗಿದರು. ನಾನು ಎದ್ದು ನಿಂತು, ಈ ಕಾಲದಲ್ಲಿ ರೇಡಿಯೋ ಯಾಕೆ ಸತ್ತಿದೆ ಎಂದು ವಿವರಿಸಿದೆ. ಎರಡು ಪದವಿ ಮಾಡಿದವನು ನಾನು. ಕಾರಣಗಳನ್ನು ವರ್ಗೀಕರಿಸಿಯೇ ಕೊಟ್ಟೆ. ನನಗೇ ಮೆಚ್ಚುಗೆಯಾಗುವಷ್ಟು ಚೆನ್ನಾಗಿ ಮಾತಾಡಿದೆ.

ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡು, "ಎಷ್ಟು ನಿರರ್ಗಳವಾಗಿ ಮಾತಾಡ್ತೀರಿ ಸಾರ್. ಶನಿವಾರ ಬಿಡುವಾಗಿದೀರಾ?" ಎಂದರು.

ಮನೆಗೆ ಬಂದು ಹೆಂಡತಿಗೆ ಗೋಳು ಹೇಳಿಕೊಂಡೆ. "ಒಪ್ಕೊಳ್ರೀ, ವಾರಕ್ಕೆ ಅರ್ಧ ಗಂಟೆ ಅಲ್ಲಾದ್ರೂ ಹೋಗಿ ಮಾತಾಡಿ" ಎಂದಳು.

೨. ತಿದ್ದುಪಡಿ

ನನ್ನ ನಂತರದ ಒಂದು ಗಂಟೆ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದೇಶದಿಂದ ಬಂದ ಹಲ್ಲಿನ ಡಾಕ್ಟರದು. ಈ ಊರಿನಲ್ಲಿರುವ ಅವರ ದೇಶದವರೆಲ್ಲ ಎರಡು ವ್ಯಾನುಗಳಲ್ಲಿ ಹಿಡಿಸುತ್ತಾರೆ. ಆದರೂ ಅವರ ಗಂಟೆಯಲ್ಲಿ ಸ್ಟುಡಿಯೋದ ಫೋನಿಗೆ ಬಿಡುವಿರುವುದಿಲ್ಲ. ನನ್ನ ಅರ್ಧ ಗಂಟೆಯಲ್ಲಿ ಅದರ ಮೇಲೆ ನಾನು ಕೋಟು ಇಡುತ್ತೇನೆ.

ಇದರ ಗುಟ್ಟೇನೆಂದು ಕೇಳಿದೆ. ಅವರು ತಮ್ಮ ದ್ವೀಪದ ರೇಡಿಯೋ ಬಗ್ಗೆ ಹೇಳಿದರು. ಅಲ್ಲಿ ಚಂಡಮಾರುತ ಎಲ್ಲಿಗೆ ಬಂತು, ಹಡಗು ಯಾವಾಗ ಬರುತ್ತದೆ, ಯಾರ ಮೇಕೆ ತಪ್ಪಿಸಿಕೊಂಡಿದೆ ಎಲ್ಲ ರೇಡಿಯೋದಲ್ಲೇ. ಎಲ್ಲಕ್ಕಿಂತ ಮುಖ್ಯ, ಮಧ್ಯಾಹ್ನದ ಸಾವಿನ ಪ್ರಕಟಣೆ. ಮೊದಲು ನಿಧಾನವಾದ ಒಂದು ವಾದ್ಯ. ಆಮೇಲೆ ಭಾರವಾದ ದನಿಯಲ್ಲಿ ತೀರಿಕೊಂಡವರ ಹೆಸರು. ಆಮೇಲೆ ಟೊರಾಂಟೋದ ಮಗಳು, ಲಂಡನ್ನಿನ ಅಳಿಯ ಎಂದು ಊರು ಸಮೇತ ಬಂಧುಗಳ ಸಾಲು. ಅಷ್ಟು ಹೊತ್ತು ಇಡೀ ದ್ವೀಪ ಸುಮ್ಮನಾಗುತ್ತದೆ. ಹೆಂಗಸರು ಒಲೆ ಸಣ್ಣ ಮಾಡುತ್ತಾರೆ. ಕ್ಷೌರದವನು ಕತ್ತಿ ಎತ್ತಿ ಹಿಡಿದು ನಿಲ್ಲುತ್ತಾನೆ.

"ಅಲ್ಲಿ ಮೊಬೈಲ್ ಇಲ್ವಾ?" ಎಂದೆ.

"ಇದೆ. ಮೊಬೈಲಲ್ಲಿ ಬಂದ್ರೆ ಅದು ಗಾಳಿಸುದ್ದಿ ಬ್ರದರ್. ರೇಡಿಯೋದಲ್ಲಿ ಬಂದ್ರೆ ಮಾತ್ರ ಸಾವು."

ಒಮ್ಮೆ ಅವರ ಸೋದರಮಾವನ ಹೆಸರಿನ ಇನ್ನೊಬ್ಬರು ತೀರಿಕೊಂಡರಂತೆ. ರೇಡಿಯೋದವರು ಹೆಸರಿನ ಜೊತೆ ಸೋದರಮಾವನ ಬಂಧುಗಳನ್ನು ಓದಿಬಿಟ್ಟರು. ಮಾವ ಊಟ ಮಾಡುತ್ತಾ ತಮ್ಮ ಸಾವನ್ನು ತಾವೇ ಕೇಳಿದರು. ತಾನು ಬದುಕಿದ್ದೇನೆಂದು ತೋರಿಸಲು ಪೇಟೆಗೆ ಹೋದರೆ ಅಂಗಡಿಯವಳು ತಬ್ಬಿಕೊಂಡು ಅತ್ತು, ಸಂತೋಷ ಪಟ್ಟು, ನಾಳೆ ತಿದ್ದುಪಡಿ ಬರುವವರೆಗೆ ದಯವಿಟ್ಟು ಮನೆಯಲ್ಲೇ ಇರಿ, ಜನಕ್ಕೆ ಗೊಂದಲ ಆಗುತ್ತದೆ ಎಂದಳು. ಮಾವನಿಗೂ ಅದು ಸರಿ ಎನಿಸಿತು. ಮರುದಿನ ತಿದ್ದುಪಡಿ ಬಂತು. ಅದಾದ ಕೂಡಲೇ ಮಾವ ರೇಡಿಯೋ ಕಚೇರಿಗೆ ಹೋಗಿ ಜಗಳ ತೆಗೆದರು. ನಿನ್ನೆಯ ಪ್ರಕಟಣೆಯಲ್ಲಿ ಟೊರಾಂಟೋದ ತಮ್ಮನ ಹೆಸರು ಬಿಟ್ಟಿದ್ದರಂತೆ.

ನಾನು ಜೋರಾಗಿ ನಕ್ಕೆ. ಇಂಥ ಸಣ್ಣ ಸಮಾಜಗಳಲ್ಲಿ ಮಾಧ್ಯಮದ ಪಾತ್ರವೇನೆಂದು ಅವರಿಗೇ ಒಂದೆರಡು ಮಾತಿನಲ್ಲಿ ತಿಳಿಸಿಕೊಟ್ಟೆ. ಡಾಕ್ಟರು ನನ್ನ ಬಾಯನ್ನೇ ಗಮನವಿಟ್ಟು ನೋಡುತ್ತಿದ್ದರು. ಮಾತು ಮುಗಿದ ಮೇಲೆ, ಎಡಗಡೆಯ ದವಡೆ ಹಲ್ಲು ಹುಳುಕಾಗಿದೆ ಎಂದರು.

೩. ಬಹುಮಾನ

ಕೇಳುಗರಿದ್ದಾರೋ ಇಲ್ಲವೋ ನೋಡೋಣವೆಂದು ಒಂದು ಶನಿವಾರ ಸುಲಭದ ಪ್ರಶ್ನೆ ಕೇಳಿ, ಮೊದಲು ಫೋನ್ ಮಾಡಿದವರಿಗೆ ಒಂದು ಡಬ್ಬಿ ಮೈಸೂರು ಪಾಕ್ ಎಂದು ಘೋಷಿಸಿದೆ. ಫೋನ್ ಮೇಲಿನ ಕೋಟನ್ನೂ ತೆಗೆದಿಟ್ಟೆ. ಯಾರೂ ಮಾಡಲಿಲ್ಲ. ಮುಂದಿನ ವಾರ ಉತ್ತರದ ಸುಳಿವು ಕೊಟ್ಟೆ. ಅದರ ಮುಂದಿನ ವಾರ ಉತ್ತರವನ್ನೇ ಹೇಳಿ, ಇದೇ ಉತ್ತರ, ಯಾರಾದರೂ ಹೇಳಿ ಎಂದೆ.

ಕೊನೆಗೆ ಡಬ್ಬಿಯನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟೆ. ಅಷ್ಟು ಹೊತ್ತಿಗೆ ಮೈಸೂರು ಪಾಕು ಮೆಟ್ಟಿಲಿಗೆ ಹಾಸುವಷ್ಟು ಗಟ್ಟಿಯಾಗಿತ್ತು. ಅವರು ಒಂದು ತುಂಡು ಕಚ್ಚಿ, ಕೆನ್ನೆ ಹಿಡಿದುಕೊಂಡರು. "ಬ್ರದರ್, ಇದನ್ನ ನಿಮ್ಮ ಜನಕ್ಕೆಲ್ಲ ಹಂಚಿ. ಜೊತೆಗೆ ನನ್ನ ಕಾರ್ಡೂ ಕೊಡಿ" ಎಂದರು.

೪. ಹ್ಯಾಪಿ ಬರ್ತ್‌ಡೇ

ನನ್ನ ಕಾರ್ಯಕ್ರಮದ ತಿರುಳು ಒಂದು ಹಾಸ್ಯ ಪ್ರಬಂಧ. ತಾನು ನಗದೆ ಹೇಳುವುದೇ ಉನ್ನತ ಹಾಸ್ಯವೆಂದು ನನ್ನ ನಂಬಿಕೆ. ಆದ್ದರಿಂದ ಗಂಭೀರವಾದ, ತೂಕದ ದನಿಯಲ್ಲಿ ಓದುತ್ತೇನೆ. ಶುರುವಿಗೆ ಒಂದು ವಿಳಂಬ ಗತಿಯ ಕೊಳಲು. ಹಕ್ಕುಸ್ವಾಮ್ಯದ ತಕರಾರಿಲ್ಲದ್ದು ಅದೊಂದೇ ಸಿಕ್ಕಿದ್ದು.

ಸಂಘದ ಆಂಟಿಯರಿಗೆ ಇದು ಸಾಲಲಿಲ್ಲ. ಮಕ್ಕಳ ಹುಟ್ಟುಹಬ್ಬದ ಶುಭಾಶಯ ಓದಿದರೆ ಅವರ ಮನೆಯವರಾದರೂ ಕೇಳುತ್ತಾರೆ ಎಂದರು. ತಿರಸ್ಕಾರದಿಂದ ಒಪ್ಪಿಕೊಂಡೆ. ವಾರಕ್ಕೆ ನಾಲ್ಕೈದು ಹೆಸರು ಬರತೊಡಗಿದವು. ಒಂದೊಂದಕ್ಕೂ ಅಪ್ಪ, ಅಮ್ಮ, ಹಿಲ್ಸ್‌ಬರೋದ ದೊಡ್ಡಮ್ಮ ದೊಡ್ಡಪ್ಪ, ಮೌಂಟ್ ರಾಸ್ಕಿಲ್‌ನ ಚಿಕ್ಕಪ್ಪ, ಮೈಸೂರಿನ ಅಜ್ಜಿ ಎಂದು ಬಾಲ. ಒಬ್ಬರನ್ನು ಬಿಟ್ಟರೂ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ ಎಂದು ಎಚ್ಚರಿಸಿದ್ದರು. ಇಂಥ ಬಾಲಿಶ ಕೆಲಸಕ್ಕೆಂದು ನಾನು ದನಿ ಬದಲಿಸಲಿಲ್ಲ. ಅದೇ ತೂಕದಲ್ಲಿ ಓದಿದೆ.

ಒಂದು ಮಗುವಿನ ತಾಯಿ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಾಗ, ಹೇಗಿತ್ತು ಎಂದು ಕೇಳಿದೆ. "ಮಗು ಅತ್ತುಬಿಡ್ತು ಸಾರ್" ಎಂದಳು. ಭಾವುಕತೆ ಎಂದುಕೊಂಡೆ.

೫. ಸಾಕ್ಷಿಗಳು

ಹೀಗಿರುವಾಗ ರೇಡಿಯೋದ ಮ್ಯಾನೇಜರ್ ನನ್ನನ್ನು ಕರೆದಳು. ಮೂವತ್ತು ದಾಟದ, ಈ ದೇಶದವಳೇ ಆದ ಹುಡುಗಿ, ಬಹಳ ಮರ್ಯಾದಸ್ಥೆ. ನಾಯಿ ಸಾಕುವವರ ಗುಂಪೊಂದು ಇದೇ ಹೊತ್ತು ತಮಗೆ ಬೇಕೆನ್ನುತ್ತಿದೆ, ನಿನ್ನನ್ನು ಕೇಳುವವರಿದ್ದರೆ ಬುಧವಾರ ಸಂಜೆಯ ಸಮಿತಿ ಸಭೆಗೆ ಕರೆದುಕೊಂಡು ಬಾ, ಇಲ್ಲದಿದ್ದರೆ ಅವರಿಗೆ ಕೊಡಬೇಕಾಗುತ್ತದೆ ಎಂದಳು.

ರೇಡಿಯೋ ಸತ್ತಿದೆ ಎಂದು ಸಾಧಿಸಿದ್ದವನು ನಾನೇ. ಹೋದರೆ ಹೋಗಲಿ ಎನ್ನಬೇಕಿತ್ತು. ಬದಲಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಯಿಗಳಿಗೆ ಸೋಲುವುದು ಎಂದರೇನು. ಅದಕ್ಕಿಂತ ಹೆಚ್ಚಾಗಿ, ಶನಿವಾರ ಆ ಸಣ್ಣ ಕೋಣೆಯಲ್ಲಿ ಕೂತು ಅಡ್ಡಿಯಿಲ್ಲದೆ ಕನ್ನಡ ಮಾತಾಡುವುದು ನನಗೆ ಬೇಕಾಗಿಬಿಟ್ಟಿತ್ತು. ಮನೆಯಲ್ಲಿ ಕನ್ನಡ ಮಾತಾಡಿದರೆ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಅದೂ ಬೇರೆ ಪ್ರಶ್ನೆಗೆ.

ಸಂಘದವರನ್ನು ಅಂಗಲಾಚಿದೆ. ಬುಧವಾರ ಗಾಳಿ ಛತ್ರಿಗಳನ್ನು ಹರಿದು ಹಾಕುತ್ತಿದ್ದರೂ ಇಬ್ಬರು ಬಂದರು. ಅಧ್ಯಕ್ಷರು ಎದೆ ಮುಟ್ಟಿಕೊಂಡು, ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಇದನ್ನು ಕೇಳಿಯೇ ತಿಂಡಿ ಎಂದರು. ಮ್ಯಾನೇಜರ್ ತನ್ನ ಲ್ಯಾಪ್‌ಟಾಪಿನಲ್ಲಿ ಶನಿವಾರದ ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಒಬ್ಬ ಆಂಟಿ ಎದ್ದು, ತಮಗೆ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಹಳೆಯ ಚಿತ್ರಗೀತೆಗಳು ಎಂದರು. ನಾನು ಇದುವರೆಗೆ ಒಂದು ಹಾಡನ್ನೂ ಹಾಕಿಲ್ಲ. ನಾಯಿಯವರ ಗುಂಪಿನಿಂದ ಹದಿನೈದು ಜನ ಬಂದಿದ್ದರು. ಅವರ ನಾಯಿಗಳು ಕೂಡ ನಮಗಿಂತ ತಯಾರಾಗಿ ಬಂದಂತೆ ಕಂಡವು.

ಆಗ ಹಿಂದಿನ ಸಾಲಿನಿಂದ ಒಬ್ಬರು ಮುದುಕಿ ಕೈಯೆತ್ತಿದರು. ಹಲ್ಲಿನ ಡಾಕ್ಟರ ಅತ್ತೆ. ದ್ವೀಪದಿಂದ ಬಂದು ಅಳಿಯನ ಮನೆಯಲ್ಲೇ ಇರುವವರು, ಅಂದು ಅಳಿಯನ ಜೊತೆ ಸುಮ್ಮನೆ ಬಂದಿದ್ದರು. ಅಳಿಯನ ಕಾರ್ಯಕ್ರಮ ತಪ್ಪಬಾರದೆಂದು ಬೇಗನೇ ರೇಡಿಯೋ ಹಾಕುತ್ತೇನೆ, ಹಾಗಾಗಿ ಭಾಷೆ ಒಂದಕ್ಷರ ತಿಳಿಯದಿದ್ದರೂ ಈ ಹುಡುಗನನ್ನು ಒಂದು ವಾರವೂ ಬಿಡದೆ ಕೇಳಿದ್ದೇನೆ ಎಂದರು. ಸಮಿತಿಗೆ ಕೊಳಲಿನ ರಾಗವನ್ನು ಮೂಗಿನಲ್ಲೇ ಹಾಡಿ ತೋರಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಕೊಳಲು ಶುರುವಾದ ಕೂಡಲೇ ಒಲೆ ಸಣ್ಣ ಮಾಡುತ್ತೇನೆ, ಹೆಸರು ಓದುವಾಗ ಎದ್ದು ನಿಲ್ಲುತ್ತೇನೆ ಎಂದರು. ಯಾಕೆ ಎದ್ದು ನಿಲ್ಲುತ್ತೀರಿ ಎಂದು ಮ್ಯಾನೇಜರ್ ಕೇಳಿದಳು.

ಸತ್ತವರಿಗೆ ಅಷ್ಟೂ ಮರ್ಯಾದೆ ಕೊಡಬೇಡವೇ ಎಂದು ಮುದುಕಿ ಬೆರಗಾದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಿಧಾನದ ವಾದ್ಯ, ಭಾರವಾದ ದನಿ, ಒಂದು ಹೆಸರು, ಊರೂರಿನ ಬಂಧುಗಳು. ಅವರು ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು.

"ಮಗನೇ, ಅಷ್ಟು ಸಣ್ಣ ಸಮುದಾಯ. ವಾರಕ್ಕೆ ನಾಲ್ಕೈದು ಜನ ಹೋಗ್ತಿದಾರೆ. ಇನ್ನೆಷ್ಟು ಜನ ಉಳಿದಿದೀರಿ?"

ಅಧ್ಯಕ್ಷರು ಮತ್ತು ಆಂಟಿಯತ್ತ ಇಡೀ ಸಮಿತಿ ಕರುಣೆಯಿಂದ ನೋಡಿತು. ತಿದ್ದುಪಡಿ ಕೊಡುವ ಬದಲು ನಾನೂ ತಲೆ ತಗ್ಗಿಸಿದೆ. ನಾಯಿಯವರೇ ಎದ್ದು ತಮ್ಮ ಕೋರಿಕೆ ಹಿಂದಕ್ಕೆ ತೆಗೆದುಕೊಂಡರು. ನಮಗೆ ಇನ್ನೊಂದು ವರ್ಷ ಸಿಕ್ಕಿತು.

೬. ಒಬ್ಬರೇ

ಸುದ್ದಿ ಸಂಘದಲ್ಲೆಲ್ಲ ಹರಡಿತು. ಮಗುವಿನ ಹೆಸರು ಓದಿದರೆ ಯಾರೋ ಎದ್ದು ನಿಂತು ಸಂತಾಪ ಸೂಚಿಸುತ್ತಾರೆಂದರೆ ಯಾವ ತಾಯಿ ಹೆಸರು ಕಳಿಸುತ್ತಾಳೆ? ಆ ಶನಿವಾರ ಒಂದು ಶುಭಾಶಯವೂ ಬರಲಿಲ್ಲ.

ಒಳ್ಳೆಯದೇ ಆಯಿತು ಎಂದುಕೊಂಡೆ. ಅರ್ಧ ಗಂಟೆ ಪೂರ್ತಿ ಹಾಸ್ಯಕ್ಕೆ ಸಿಕ್ಕಿತಲ್ಲ. ನಾನು ಬರೆದದ್ದರಲ್ಲೇ ಅತ್ಯುತ್ತಮವಾದ ಪ್ರಬಂಧ ಓದಿದೆ. ನನ್ನ ಜೀವನ, ನನ್ನ ಪದವಿಗಳು, ನನ್ನ ಸೋಲುಗಳು, ಎಲ್ಲದರ ಬಗ್ಗೆ ನನ್ನನ್ನೇ ಗೇಲಿ ಮಾಡಿಕೊಂಡದ್ದು. ಒಂದೆರಡು ಕಡೆ ನನಗೇ ನಗು ಬಂದು ಗಂಟಲು ಕಟ್ಟಿತು. ತಡೆದುಕೊಂಡು ಮುಂದುವರಿದೆ.

ಮುಗಿಯುತ್ತಿದ್ದಂತೆ ಕೋಟಿನ ಕೆಳಗೆ ಫೋನ್ ಬಡಿದುಕೊಂಡಿತು. ಇಷ್ಟು ಕಾಲದಲ್ಲಿ ಮೊದಲ ಕರೆ. ಕೋಟು ಸರಿಸಿ ಎತ್ತಿದೆ. ಡಾಕ್ಟರ ಅತ್ತೆ. ದನಿ ಒದ್ದೆಯಾಗಿತ್ತು.

"ಈ ವಾರ ಒಬ್ಬರೇ ಅಂತ ಕಾಣುತ್ತೆ ಮಗನೇ. ನೀನೂ ಅಳು ತಡ್ಕೊಳ್ತಿದ್ದೆ, ಗೊತ್ತಾಯ್ತು. ಅರ್ಧ ಗಂಟೆ ಅವನೊಬ್ಬನ ಬಗ್ಗೆಯೇ ಮಾತಾಡಿದೆ ಅಂದ್ರೆ ಎಷ್ಟು ದೊಡ್ಡ ಮನುಷ್ಯ ಇರಬೇಕು ಅವನು."

ಹೌದು, ಸಮುದಾಯಕ್ಕೆ ತುಂಬಲಾರದ ನಷ್ಟ ಎಂದೆ.