ಎಡಗಿವಿಯ ತುರಿಕೆಗೆ ನಿಮೋನಿಯಾ ಸೂಜಿ

ಬೇರೆ ಕಾಯಿಲೆಯ ನಿಮಿತ್ತ ಆಸ್ಪತ್ರೆಗೆ ಭೇಟಿ ನೀಡುವ ಹಿರಿಯ ನಾಗರಿಕರಿಗೆ ಅದೇ ಭೇಟಿಯಲ್ಲಿ ನಿಮೋನಿಯಾ ತಡೆಯುವ ಲಸಿಕೆಯನ್ನೂ ಹಾಕತಕ್ಕದ್ದು ಎಂಬ ಆದೇಶ ಹಳಿಯಾಳ ಸೀಮೆಯ ಒಂದು ಸಣ್ಣ ಆಸ್ಪತ್ರೆಗೆ ಬಂದು ಮುಟ್ಟಿತು. ಆದೇಶದಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಹುಸೇನಬಿಯಲ್ಲಿ. ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ.

ಹುಸೇನಬಿ ಸಿದ್ದಿ ಸಮುದಾಯದ ಮುದುಕಿ. ಎಪ್ಪತ್ತು ಸಮೀಪಿಸಿದ್ದರೂ ಕಬ್ಬಿನ ಒಣಗರಿ, ಅಂದರೆ ರವದಿ, ಸುಲಿಯಲು ಹೋದರೆ ಸೊಸೆಯಂದಿರನ್ನು ಹಿಂದೆ ಹಾಕುತ್ತಿದ್ದಳು. ಹೋದ ಮಳೆಗಾಲದಲ್ಲಿ ಆಕೆಯ ತಂಗಿ ಎದೆಯಲ್ಲಿ ಕಫ ಕಟ್ಟಿ, ಉಸಿರು ಸಿಗದೆ ತೀರಿಕೊಂಡಿದ್ದಳು. ಅದರ ಹೆಸರು ನಿಮೋನಿಯಾ ಎಂದು ಆಮೇಲೆ ಗೊತ್ತಾಯಿತು. ಈ ಸಲ ಮಳೆ ಹಿಡಿಯುವುದರೊಳಗೆ ಸೂಜಿ ಮಾಡಿಸಿಕೊಳ್ಳಲೇಬೇಕೆಂದು ಹುಸೇನಬಿ ಹಬ್ಬದ ಸೀರೆ ಉಟ್ಟು ಬಸ್ಸು ಹತ್ತಿದಳು.

"ಏನ್ ತ್ರಾಸ ಐತಿ ಅಜ್ಜಿ?" ಎಂದರು ಡಾಕ್ಟರ್ ಕಿರಣಕುಮಾರ.

"ತ್ರಾಸ ಏನೂ ಇಲ್ರಿ ಸಾಹೇಬ್ರ. ನಿಮೋನಿಯಾದ ಸೂಜಿ ಮಾಡ್ರಿ."

ಡಾಕ್ಟರರ ಮುಖ ಬಾಡಿತು. "ಹಂಗ ಬರೂದಿಲ್ಲ. ಬ್ಯಾರೆ ಜಡ್ಡಿಗೆ ಬಂದವ್ರಿಗಷ್ಟ ಐತಿ ಇದು."

"ಮತ್ತ ನಾ ಈಗ ಬಂದೇನಲ್ರಿ?"

"ಬಂದೀರಿ. ಆದ್ರ ಭೇಟಿ ಆಗಿಲ್ಲ."

ಹುಸೇನಬಿ ಜಗಳ ಕಾಯುವವಳಲ್ಲ. ಊರಿಗೆ ಮರಳಿದವಳೇ ಹಳ್ಳದಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಸಂಜೆತನಕ ಗಾಳಿಗೆ ಕೂತು, ಒಳ್ಳೆ ಸುಡುಸುಡು ಜ್ವರ ಬರಿಸಿಕೊಂಡು ಮತ್ತೆ ಹಾಜರಾದಳು. ಡಾಕ್ಟರರು ಹಣೆ ಮುಟ್ಟಿ ನೋಡಿ ಶಾಭಾಷ್ ಎಂದರು. ಅಷ್ಟರಲ್ಲಿ ನರ್ಸ್ ಸಿಲ್ವಿಯಾ, "ಸರ್, ಇಷ್ಟ ಜ್ವರ ಇದ್ದವ್ರಿಗೆ ಲಸಿಕಿ ಮುಂದೂಡ್ಬೇಕಲ್ರಿ" ಎಂದು ನೆನಪಿಸಿದಳು. ಗುಳಿಗೆ ಕೊಟ್ಟು ಕಳಿಸಲಾಯಿತು. ಗುಳಿಗೆ ನುಂಗಿ ಹುಸೇನಬಿ ಸಂಪೂರ್ಣ ಗುಣವಾದಳು. ಹೀಗಾಗಿ ಮತ್ತೆ ಅನರ್ಹಳಾದಳು.

ಡಾಕ್ಟರರು ಕೆಟ್ಟವರಲ್ಲ. ಆಸ್ಪತ್ರೆಗೆ ಬರುವಷ್ಟು ಇರಬೇಕು, ಲಸಿಕೆಗೆ ಅಡ್ಡಿಯಾಗುವಷ್ಟು ಇರಬಾರದು, ಅಂಥದೊಂದು ಕಾಯಿಲೆ ಯಾವುದೆಂದು ಅವರು ಸಿಬ್ಬಂದಿಯ ಸಭೆ ಕರೆದರು. ಮೊಣಕಾಲು ನೋವಾದರೆ ದೊಡ್ಡಾಸ್ಪತ್ರೆಗೆ ಬರೆದುಕೊಡಬೇಕು. ಹಲ್ಲು ನೋವಾದರೆ ಹಲ್ಲಿನ ಡಾಕ್ಟರರ ಹುದ್ದೆ ಖಾಲಿ. ಕೊನೆಗೆ ಕಿವಿ ತುರಿಕೆಯನ್ನು ಸರ್ವಾನುಮತದಿಂದ ಆರಿಸಲಾಯಿತು.

"ಯಾವ ಕಿವಿ ಸರ್?" ಎಂದಳು ಸಿಲ್ವಿಯಾ.

"ಸೂಜಿ ಎಡ ತೋಳಿಗೆ ಮಾಡ್ತೀವಲ್ಲ, ಕಿವಿನೂ ಎಡದ್ದ ಇರ್ಲಿ. ದಾರ್‍ಯಾಗ ಬರ್ತೈತಿ."

ಹುಸೇನಬಿಯನ್ನು ಕರೆಸಲಾಯಿತು. "ಎಡಗಿವಿ ತುರಸ್ತೈತೇನು ಅಜ್ಜಿ?"

"ಇಲ್ರಿ."

ಸಿಲ್ವಿಯಾ ಹಿಂದಿನಿಂದ ಮೆಲ್ಲಗೆ ಚಿವುಟಿದಳು.

"ಅಯ್ಯ, ಭಾಳ ತುರಸ್ತೈತ್ರಿ!" ಎಂದು ಹುಸೇನಬಿ ಬಲಗಿವಿ ಕೆರೆದುಕೊಂಡಳು. ಡಾಕ್ಟರರು ಕೆಮ್ಮಿದರು. ಆಕೆ ಕೈ ಬದಲಿಸಿದಳು. ಭೇಟಿ ಸಂಪನ್ನವಾಯಿತು. ಸೂಜಿ ಚುಚ್ಚಿದಾಗ ಆಕೆಗೆ ನೋವಾಗಲಿಲ್ಲ, ತಂಗಿಯ ನೆನಪಾಯಿತು. ಕಣ್ಣು ಒರೆಸಿಕೊಂಡು, "ಆಕೀಗೂ ಒಮ್ಮೆ ಕಿವಿ ತುರಿಸಿದ್ರ ಬದಕ್ತಿದ್ಳು ನೋಡವ್ವ" ಎಂದಳು.

ಸುದ್ದಿ ಹಬ್ಬಿತು. ಹಳಿಯಾಳದಿಂದ ಜೋಯಿಡಾ ದಾರಿಯತನಕ ಮುದುಕ ಮುದುಕಿಯರೆಲ್ಲ ಎಡಗಿವಿ ಕೆರೆಯುತ್ತ ಬಸ್ಸು ಇಳಿಯತೊಡಗಿದರು. ವರದಿ ಮೇಲೆ ಹೋಯಿತು. ಸೀಮೆಯಲ್ಲಿ ಎಡಗಿವಿಯ ಸಾಂಕ್ರಾಮಿಕ ಎದ್ದಿದೆಯೆಂದು ಮೇಲಿನವರು ತೀರ್ಮಾನಿಸಿ, ಲಸಿಕೆ ನಿಲ್ಲಿಸಿ, ಲಾರಿ ತುಂಬ ಕಿವಿಗೆ ಬಿಡುವ ಔಷಧ ಕಳಿಸಿದರು.

ಹುಸೇನಬಿಯ ನೆರೆಮನೆಯ ತಾಯವ್ವನಿಗೆ ಇನ್ನೂ ಸೂಜಿ ಆಗಿರಲಿಲ್ಲ. ಹೊರಗೆ ಮೊದಲ ಮಳೆ ಹನಿಯುತ್ತಿತ್ತು. ತಾಯವ್ವನಿಗೆ ಆಗಲೇ ದಮ್ಮು. ಹುಸೇನಬಿ ಗೆಳತಿಯ ಕೈಹಿಡಿದು, ತನಿಖೆಗೆ ಬಂದ ತಜ್ಞರ ಜೀಪಿನ ಮುಂದೆ ನಿಂತಳು.

"ನಿನಗ ಕಿವಿ ತುರಿಕಿ ಇತ್ತೇನು?" ಎಂದು ತಜ್ಞರು ಕೇಳಿದರು.

"ಇತ್ರಿ. ಸೂಜಿ ಮಾಡಿಸ್ಕೊಂಡೆ, ಹೋತು. ಮತ್ತ ಬಂದಿಲ್ಲ. ಈಕೀಗೂ ಅದನ್ನ ಮಾಡ್ರಿ."

ತಜ್ಞರು ಉಳಿದವರನ್ನೂ ವಿಚಾರಿಸಿದರು. ಸೂಜಿ ಆದವರು ಒಬ್ಬರೂ ತುರಿಕೆಗೆ ಮರಳಿ ಬಂದಿರಲಿಲ್ಲ. ಇಂಥ ಪರಿಣಾಮವನ್ನು ವಿಜ್ಞಾನ ಕಂಡದ್ದೇ ಅಪರೂಪ. ಕೆಲವೇ ದಿನಗಳಲ್ಲಿ ಹೊಸ ಪ್ರಕಟಣೆ ಗೋಡೆಗೆ ಬಿತ್ತು: "ಎಡಗಿವಿ ತುರಿಕೆಗೆ ನಿಮೋನಿಯಾ ಲಸಿಕೆಯೇ ಮದ್ದು. ಹಿರಿಯರು ಇದರ ಪ್ರಯೋಜನ ಪಡೆಯತಕ್ಕದ್ದು." ಲಸಿಕೆ ಪೆಟ್ಟಿಗೆಗಟ್ಟಲೆ ಬಂತು. ತಾಯವ್ವನಿಗೆ ಮೊದಲ ಸೂಜಿ ಆಯಿತು. ಡಾಕ್ಟರರಿಗೆ ಶಾಲು ಹೊದಿಸಲಾಯಿತು.

ನಿವೃತ್ತ ಮಾಸ್ತರ ಶಿವಲಿಂಗಪ್ಪನವರೊಬ್ಬರದು ಮಾತ್ರ ತಕರಾರು. ಅವರಿಗೆ ಎಡಗಿವಿ ನಿಜವಾಗಿ ತುರಿಸುತ್ತಿತ್ತು. ಸೂಜಿ ಮಾಡಿದ ಮೇಲೂ ತುರಿಸುತ್ತಿತ್ತು.

"ಅದು ಸಾಧ್ಯ ಇಲ್ರಿ ಮಾಸ್ತರ್. ಪ್ರಕಟಣೆ ನೋಡ್ರಿ" ಎಂದರು ಡಾಕ್ಟರರು.

ಮಾಸ್ತರರು ಕನ್ನಡಕ ಏರಿಸಿ ಪ್ರಕಟಣೆ ಓದಿದರು. ವ್ಯಾಕರಣ ಸರಿಯಾಗಿತ್ತು. ತಪ್ಪು ತಮ್ಮದೇ ಎಂದು ಒಪ್ಪಿ, ಕ್ಷಮೆ ಕೇಳಿ ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. ಕೈ ಮಾತ್ರ ತಾನಾಗಿಯೇ ಕಿವಿಗೆ ಹೋಗುತ್ತಿತ್ತು.

ಅದೇ ಬೆಂಚಿನ ತುದಿಯಲ್ಲಿ ಕೂತಿದ್ದ ಹುಸೇನಬಿಗೆ ಕನಿಕರವಾಯಿತು. ಅವರ ಪಕ್ಕಕ್ಕೆ ಸರಿದು, ಅವರಿಗೆ ಮರೆಯಾಗುವಂತೆ ಸೆರಗು ಅಗಲಿಸಿ ಕೂತಳು.

"ತುರಿಸ್ಕೋರಿ ಮಾಸ್ತರ್, ಯಾರೂ ನೋಡವಲ್ರು."