ಹೊಸ್ತಿಲ ಮೇಲಿನ ಹಾವು ಯಾರ ಪಾಲಿಗೆ?

ಹೆದರಿಕೆಯನ್ನು ಕೆಟ್ಟ ಗುಣವೆಂದು ನಾನು ಯಾವತ್ತೂ ಒಪ್ಪಿದವನಲ್ಲ. ತಮಿಳು ಸೀಮೆಯ ಸೋಮನೂರಿನ ಶಾಲೆಯಲ್ಲಿ ಸಮಾಜ ಪಾಠ ಹೇಳುವ ನನ್ನ ಹೆಂಡತಿ ಸಾವಿತ್ರಿಯ ಪ್ರಕಾರ, ಆದಿಮಾನವರು ಗುಂಪು ಕಟ್ಟಿಕೊಂಡದ್ದೇ ಒಂಟಿಯಾಗಿರಲು ಹೆದರಿ. ಧೈರ್ಯವಂತರೆಲ್ಲ ಹುಲಿಯ ಹೊಟ್ಟೆ ಸೇರಿರಬೇಕು. ನಾವು ಮಿಕ್ಕ ಪುಕ್ಕಲರ ಸಂತಾನ. ಒಕ್ಕೂಟ ಸರ್ಕಾರದ ಅಧಿಕಾರ ಹಂಚಿಕೆಯನ್ನಂತೂ ಅವಳು ಮನೆಯಲ್ಲೇ ಜಾರಿಗೆ ತಂದಿದ್ದಳು. ಅಡುಗೆಮನೆ ನನ್ನ ಅಮ್ಮನದು, ವಿದ್ಯುತ್ ಮಗ್ಗದ ಶೆಡ್ಡು ನನ್ನದು, ಎರಡಕ್ಕೂ ಸೇರದೆ ಉಳಿದದ್ದು ಅವಳದು.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಗೂ ಶೆಡ್ಡಿಗೂ ನಡುವಿನ ಹೊಸ್ತಿಲ ಮೇಲೆ ಹಾವೊಂದು ಚಾಚಿಕೊಂಡಿತ್ತು. ತಲೆ ಶೆಡ್ಡಿನಲ್ಲಿದ್ದ ನನ್ನ ಕಡೆ. ಬಾಲ, ನೆಲದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಪಾದದ ಹತ್ತಿರ. ಮಂಡಿನೋವಿನ ಅಮ್ಮ ಯಾರಾದರೂ ಕೈ ಹಿಡಿಯದೆ ಏಳಲಾರಳು. ನಾನು ಯಾವಾಗ ಓಡುತ್ತಿದ್ದ ಮಗ್ಗದ ಚೌಕಟ್ಟಿನ ಮೇಲೆ ಹತ್ತಿದೆನೋ ನನಗೇ ತಿಳಿಯದು.

"ಲೋ, ತಲೆ ನಿನ್ನ ಕಡೆ ಐತೆ, ನೀನೇ ನೋಡ್ಕೊ" ಎಂದಳು ಅಮ್ಮ, ತುಟಿ ಮಾತ್ರ ಅಲ್ಲಾಡಿಸಿ.

"ಬಾಲ ನಿನ್ನ ಕಡೆ ಐತಲ್ಲಮ್ಮಾ!"

ಹಿತ್ತಿಲಿಂದ ಬಂದ ಸಾವಿತ್ರಿ ಅಡುಗೆಮನೆ ಬಾಗಿಲಲ್ಲೇ ನಿಂತಳು. "ಅತ್ತೆ, ಅಲ್ಲಾಡಬೇಡಿ. ರೀ, ಮೊದಲು ಮಗ್ಗ ನಿಲ್ಲಿಸಿ. ಈ ಅದುರಾಟಕ್ಕೇ ಅದು ಬೆದರ್‍ತಾ ಇದೆ."

ಸ್ವಿಚ್ಚು ಇದ್ದದ್ದು ಹೊಸ್ತಿಲ ಪಕ್ಕದ ಗೋಡೆಯಲ್ಲಿ. ಮೆಲ್ಲಗೆ ಕೆಳಗಿಳಿದೆ. ಗೋಡೆಗೆ ಬೆನ್ನು ಒತ್ತಿ, ಹಾವಿನ ನಾಲಿಗೆಯನ್ನೇ ನೋಡುತ್ತಾ ಸರಿದು, ಸ್ವಿಚ್ಚು ಒತ್ತಿದೆ.

ಮಗ್ಗ ನಿಂತಿತು. ಹಾವು ತಲೆಯೆತ್ತಿ, ನಿಧಾನವಾಗಿ ಅಮ್ಮನ ಕಡೆಗೇ ತಿರುಗಿತು. ಅಮ್ಮ ಕಣ್ಣು ಮುಚ್ಚಿದಳು. ಅದು ಅವಳ ಸೀರೆಯಂಚಿನ ಮೇಲೆ ಹರಿಯಿತು, ಹರಿಯುತ್ತಲೇ ಇತ್ತು. ಸಾವಿತ್ರಿ ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಾವು ಹಿತ್ತಿಲಿಗಿಳಿದು ಬೇಲಿಯಲ್ಲಿ ಮರೆಯಾಯಿತು.

ನಾನು ಓಡಿಹೋಗಿ ಅಮ್ಮನ ಕೈ ಹಿಡಿದು ಪಕ್ಕದಲ್ಲೇ ಕುಸಿದೆ. ಸಾವಿತ್ರಿ ಬಾಗಿಲು ಹಾಕಿ ಬಂದವಳು ಅಲ್ಲೇ ಕೂತು ಅತ್ತುಬಿಟ್ಟಳು. ಇಡೀ ಒಕ್ಕೂಟದಲ್ಲಿ ಅಮ್ಮನಿಗೆ ಆಸರೆಯಾದವನು ನಾನೊಬ್ಬನೇ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಸಂಜೆ ಪಕ್ಕದ ಮನೆಯವರು ವಿಚಾರಿಸಲು ಬಂದಾಗ ಅಮ್ಮ ತಮಿಳಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಹಾವು ಪಾಪ, ಆಗಲೇ ಹೋಯ್ತು. ಇವನು ಹಿಡಿದ ಕೈ ಬಿಡಿಸ್ಕೊಂಡು ಅಡುಗೆ ಮಾಡೋ ಹೊತ್ತಿಗೆ ಮಧ್ಯಾಹ್ನ ಆಯ್ತು!"